ಎದೆ ಭಾರ ಅಂದ್ರೆ ಏನಮ್ಮಾ?

ನಾನೇನು ಕೆಲಸ ಮಾಡ್ತೀನಿ ಅಂತ ಅಮ್ಮನಿಗೆ ಅರ್ಥ ಮಾಡಿಸೋಕೆ ಇವತ್ತಿಗೂ ಆಗಿಲ್ಲ. 'ಕಂಪ್ಯೂಟರಿಗೆ ಕನ್ನಡ ಕಲಿಸ್ತೀನಿ' ಅಂದರೆ, 'ಮೊದ್ಲು ನೀನು ಸರಿಯಾಗಿ ಕಲಿ' ಅಂತಾಳೆ.

ಕೆಲಸ ಇಷ್ಟೇ. ಒಂದೊಂದೇ ವಾಕ್ಯ ಓದಿ, ಅದರಲ್ಲಿನ ಪದ ನೇರ ಅರ್ಥದಲ್ಲಿದೆಯೋ ರೂಪಕವೋ ಅಂತ ಗುರುತು ಹಾಕಬೇಕು. 'ಸುಮ್ನೆ ತಲೆ ತಿನ್ಬೇಡ', 'ಮೀನಿನ ತಲೆ ತಿನ್ಬೇಡ'. ನಮಗೆ ಇದರಲ್ಲಿ ಗೊಂದಲವೇ ಇಲ್ಲ. ಯಂತ್ರಕ್ಕೆ ಮಾತ್ರ ದೊಡ್ಡ ತಲೆನೋವು. (ನೋಡಿ, ಇದೂ ರೂಪಕವೇ!)

ಯಂತ್ರಕ್ಕೆ ಪದ ಅಂದರೆ ಅಂಕಿಗಳ ಒಂದು ಸಾಲು. 2013ರಲ್ಲಿ ಬಂದ ವರ್ಡ್‌ಟುವೆಕ್, ಅಕ್ಕಪಕ್ಕ ಯಾವ ಪದಗಳು ಬರುತ್ತವೆ ಅನ್ನೋದರಿಂದಲೇ ಅರ್ಥ ಊಹಿಸುತ್ತಿತ್ತು. ಆದರೆ ಒಂದು ಪದಕ್ಕೆ ಒಂದೇ ಸಾಲು. ಮೆಹಂದಿ ಹಚ್ಚಿದ 'ಕೈ'ಯೂ, ಸಾಲ ಕೇಳಿದಾಗ ಗೆಳೆಯ ಎತ್ತಿಬಿಟ್ಟ 'ಕೈ'ಯೂ ಅದಕ್ಕೆ ಒಂದೇ. 2018ರಲ್ಲಿ ಬಂದ ಬರ್ಟ್‌ನಂಥ ಮಾದರಿಗಳು ಇಡೀ ವಾಕ್ಯ ನೋಡಿ, ಆ ಸಂದರ್ಭಕ್ಕೆ ತಕ್ಕ ಹಾಗೆ ಪದಕ್ಕೆ ಬೇರೆ ಸಾಲು ಕೊಡುತ್ತವೆ. ಇದನ್ನೆಲ್ಲ ಮೀಟಿಂಗಿನಲ್ಲಿ ನಾನು ಬಹಳ ಚೆನ್ನಾಗಿ ವಿವರಿಸುತ್ತೇನೆ.

ಕಳೆದ ವರ್ಷ ತಂಗಿ ಮದುವೆಯಾಗಿ ಹೋದ ವಾರ ಅಮ್ಮ ಫೋನಿನಲ್ಲಿ, 'ಯಾಕೋ ಎದೆ ಭಾರ ಆಗ್ತಿದೆ ಕಣೋ' ಅಂದಳು. ನಾನು ಮನಸ್ಸಲ್ಲೇ 'ರೂಪಕ' ಅಂತ ಗುರುತು ಹಾಕಿಬಿಟ್ಟೆ. 'ಸರಿಹೋಗತ್ತೆ ಬಿಡಮ್ಮ, ಅವಳೇನು ದೂರ ಹೋಗಿದ್ದಾಳಾ?' ಅಂದೆ. ಎರಡು ದಿನ ಬಿಟ್ಟು ಮತ್ತೆ ಅದೇ ಮಾತು, ಮತ್ತೆ ಅದೇ ಸಮಾಧಾನ. ಮೂರನೇ ದಿನ ಪಕ್ಕದ ಮನೆ ಆಂಟಿ ಫೋನ್ ಮಾಡಿದರು. 'ನಿಮ್ಮಮ್ಮ ಮೆಟ್ಟಿಲು ಹತ್ತಿದ್ರೆ ಏದುಸಿರು ಬಿಡ್ತಾರೆ, ಮೈಯೆಲ್ಲ ಬೆವರು. ಬೇಗ ಬಾಪ್ಪ.'

ಹೃದಯದ ರಕ್ತನಾಳದಲ್ಲಿ ಬ್ಲಾಕ್ ಇತ್ತು. ಸ್ಟೆಂಟ್ ಹಾಕಿದರು. ಈಗ ಆರಾಮಾಗಿದ್ದಾಳೆ, ದಿನಾ ವಾಕಿಂಗ್ ಹೋಗ್ತಾಳೆ.

ನನಗೆ ಸಂದರ್ಭ ಗೊತ್ತಿರಲಿಲ್ಲ ಅಂತಲ್ಲ. ಮದುವೆ ಅನ್ನೋ ಒಂದೇ ಸಂದರ್ಭ ಹಿಡಿದುಕೊಂಡು ಕೂತಿದ್ದೆ. 'ಯಾವಾಗ ಆಗತ್ತೆ? ನೋವಿದೆಯಾ?' ಅಂತ ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು.

ಆಸ್ಪತ್ರೆಯಿಂದ ಬಂದ ಮೇಲೆ ಕೇಳಿದೆ, 'ಅವತ್ತು ನೀನು ಹೇಳಿದ್ದು ತಂಗಿ ವಿಷಯಾನಾ, ಎದೆ ವಿಷಯಾನಾ?' ಅಮ್ಮ ಸ್ವಲ್ಪ ಯೋಚಿಸಿ, 'ಎರಡೂ ಕಣೋ' ಅಂದಳು.

ಸೋಮವಾರ ಆಫೀಸಿಗೆ ಹೋಗಿ ನಮ್ಮ ಶೀಟಿಗೆ ಇನ್ನೆರಡು ಆಯ್ಕೆ ಸೇರಿಸಿದೆ: 'ಎರಡೂ' ಮತ್ತು 'ಗೊತ್ತಾಗ್ತಿಲ್ಲ, ಕೇಳಬೇಕು'. ನೀವೂ ಇವತ್ತು ಮನೆಗೆ ಫೋನ್ ಮಾಡಿದಾಗ ಯಾರಾದರೂ 'ಯಾಕೋ ಸುಸ್ತು' ಅಂದರೆ, ಸಮಾಧಾನ ಹೇಳೋಕೆ ಮುಂಚೆ ಇನ್ನೊಂದು ಪ್ರಶ್ನೆ ಕೇಳಿ.