ಮಾಲಿಗೆ ಪರೀಕ್ಷೆ, ಗುತ್ತಿಗೆದಾರನಿಗೆ ಬಿಲ್ಲು

ಹೋದ ವರ್ಷದ ಮುಂಗಾರಿನಲ್ಲಿ ಅಳ್ನಾವರದ ಅಂಚಿನಲ್ಲೊಂದು ಕಡೆ ಗುತ್ತಿಗೆಯ ಗಿಡ ನೆಡುವುದನ್ನು ನಿಂತು ನೋಡಿದ್ದೆವು. ಟ್ರ್ಯಾಕ್ಟರಿನಿಂದ ಇಳಿಸಿದ ಗಿಡಗಳನ್ನು ಕರಿ ಪ್ಲಾಸ್ಟಿಕ್ ಚೀಲದ ಸಮೇತ ಗುಣಿಗೆ ಇಟ್ಟು ಮಣ್ಣು ಎಳೆಯುತ್ತಿದ್ದರು. ಸಂಜೆಯೊಳಗೆ ಸಾಲು ಮುಗಿಯಬೇಕೆಂದು ಮೇಸ್ತ್ರಿಯ ಅವಸರ. ಹಿರಿಯ ಮಾಲಿಯೊಬ್ಬರು ಮಾತ್ರ ಪ್ರತಿ ಚೀಲವನ್ನೂ ಬ್ಲೇಡಿನಿಂದ ಸೀಳಿ, ತಳದಲ್ಲಿ ಸಿಂಬಿಯಂತೆ ಸುತ್ತಿಕೊಂಡ ಬೇರನ್ನು ಕತ್ತರಿಸಿ, ಮಣ್ಣು ಉದುರದಂತೆ ಎರಡೂ ಕೈಯಲ್ಲಿ ಹಿಡಿದು ಇಳಿಸುತ್ತಿದ್ದರು. ಅವರದು ಒಂದು ಮುಗಿಯುವಷ್ಟರಲ್ಲಿ ಉಳಿದವರದು ನಾಲ್ಕು. ಸರ್ಟಿಫಿಕೇಟ್ ಇದೆಯೇ ಎಂದು ಕೇಳಿದೆವು. "ಐತ್ರಿ, ಟ್ರಂಕಿನ್ಯಾಗೈತಿ. ಇಲ್ಲಿ ಯಾರ ಕೇಳ್ತಾರ್ರಿ?"

ಇಂಥ ಸರ್ಟಿಫಿಕೇಟುಗಳಿಗೆ ದಾರಿ ಮಾಡಿದ ಕೇಂದ್ರದ ಕೌಶಲ ವಿಕಾಸ ಯೋಜನೆ ಶುರುವಾದದ್ದು 2015ರ ಜುಲೈಯಲ್ಲಿ. ಹತ್ತು ವರ್ಷ ದಾಟಿದ ಮೇಲೆ ತೋಟದ ಕೆಲಸದವರ ಮಟ್ಟಿಗಾದರೂ ಲೆಕ್ಕ ತೆಗೆಯಬಹುದು. ಕೃಷಿ ಕೌಶಲ ಮಂಡಳಿ ಮಾಲಿಯ ಕೆಲಸಕ್ಕೊಂದು ಮಾನದಂಡ ಬರೆಯಿತು. ಶಾಲೆಯ ಮೆಟ್ಟಿಲು ಹತ್ತದೆ ಕೆಲಸ ಕಲಿತವರಿಗೂ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುವ ದಾರಿ ತೆರೆಯಿತು. ಐಟಿಐಗಳ ಪಟ್ಟಿಯಲ್ಲಿ ‘ಫ್ಲೋರಿಕಲ್ಚರ್ ಅಂಡ್ ಲ್ಯಾಂಡ್‌ಸ್ಕೇಪಿಂಗ್’ ಎಂಬ ಒಂದು ವರ್ಷದ ಟ್ರೇಡ್ ಇದೆ. ನಮ್ಮ ತೋಟಗಾರಿಕೆ ಇಲಾಖೆ ರೈತರ ಮಕ್ಕಳಿಗೆ ಹತ್ತು ತಿಂಗಳ ತರಬೇತಿ ಕೊಡುತ್ತ ಬಂದಿದೆ. ಇವೆಲ್ಲ ಒಳ್ಳೆಯವೇ. 2023ರ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಹೂಮಾಲೆ ಕಟ್ಟುವವರಿಗೆ ಜಾಗ ಸಿಕ್ಕಿತು, ಹೂಗಿಡ ಸಾಕುವವರಿಗೆ ಸಿಗಲಿಲ್ಲ ಎಂಬುದನ್ನೂ ನಕ್ಕು ಬಿಟ್ಟುಬಿಡೋಣ.

ನಮ್ಮ ತಕರಾರು ಬೇರೆ. ಇಷ್ಟೂ ಪರೀಕ್ಷೆ ಗುದ್ದಲಿ ಹಿಡಿದವನಿಗೆ. ಉದ್ಯಾನದ ಟೆಂಡರ್ ಹಿಡಿಯುವವನಿಗೆ ಗಿಡದ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಅವನ ದರ್ಜೆ ನಿಲ್ಲುವುದು ಹಿಂದಿನ ಕಾಮಗಾರಿಗಳ ಮೊತ್ತದ ಮೇಲೆ, ಆರ್ಥಿಕ ತಾಕತ್ತಿನ ಮೇಲೆ. ಚರಂಡಿ ಕಟ್ಟಿದವರೇ ಲಾನ್ ಹಾಸುತ್ತಾರೆ. ಪಾರ್ಕಿನ ದೀಪಕ್ಕೆ ತಂತಿ ಎಳೆಯುವವರು ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ತೋರಿಸಬೇಕು. ಅದೇ ಕಂಬದ ಬುಡದಲ್ಲಿ ಗಿಡ ನೆಡುವವರು ಏನನ್ನೂ ತೋರಿಸಬೇಕಾಗಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದು ತಿರುವುಮುರುವು. ಅಲ್ಲಿ ಲ್ಯಾಂಡ್‌ಸ್ಕೇಪ್ ಗುತ್ತಿಗೆಗೆ ಸಿ-27 ಎಂಬ ಲೈಸೆನ್ಸ್. ಅದಕ್ಕೆ ನಾಲ್ಕು ವರ್ಷದ ಕೆಲಸದ ಅನುಭವ ಬೇಕು, ಕಾನೂನು-ವ್ಯವಹಾರದ್ದೊಂದು, ಕಸುಬಿನದೊಂದು ಎಂದು ಎರಡು ಪರೀಕ್ಷೆ ಪಾಸಾಗಬೇಕು.

ಅವರದನ್ನು ಹಾಗೇ ಎತ್ತಿ ತರಬೇಕೆಂದಲ್ಲ. ನಾಳೆ ಇಲ್ಲೂ ಅಂಥ ಪರೀಕ್ಷೆ ಬಂದರೆ ಅದಕ್ಕೊಂದು ಗೈಡು, ಗೈಡಿನ ಹಿಂದೆ ಒಬ್ಬ ಏಜೆಂಟ್ ಹುಟ್ಟಿಕೊಳ್ಳುವುದು ನಮಗೆ ಗೊತ್ತಿಲ್ಲದ್ದೇನಲ್ಲ. ಅದಕ್ಕಿಂತ ದೊಡ್ಡ ತೊಡಕು ಮಣ್ಣಿನದು. ನಮ್ಮದು ಒಂದೇ ಜಿಲ್ಲೆ, ಮಣ್ಣು ಮಾತ್ರ ಎರಡು ಬಗೆ. ನವಲಗುಂದದ ಎರಿಭೂಮಿಯಲ್ಲಿ ಆಳವಾದ ಗುಣಿ ತೆಗೆದರೆ ಮಳೆಗಾಲಕ್ಕೆ ಅದು ಬಾನಿಯಾಗುತ್ತದೆ, ಬೇರು ಕೊಳೆಯುತ್ತದೆ. ಬೇಸಿಗೆಗೆ ನೆಲ ಬಿರಿದು ಅದೇ ಬೇರನ್ನು ಹರಿಯುತ್ತದೆ. ಅಲ್ಲಿ ಗಿಡವನ್ನು ಏರಿನ ಮೇಲೆ ಕೂರಿಸಬೇಕು. ದಾಂಡೇಲಿ ಕಾಡಿನ ಸೆರಗಿಗಿರುವ ಅಳ್ನಾವರದ ಕೆಂಪು ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ, ಜುಲೈ ಮಳೆ ಗೊಬ್ಬರವನ್ನೂ ತೊಳೆದುಕೊಂಡು ಹೋಗುತ್ತದೆ. ಫೆಬ್ರುವರಿಗೆ ನೆಲ ಕಲ್ಲು. ಇಲ್ಲಿ ಬುಡಕ್ಕೆ ತರಗೆಲೆ ಹೊದಿಸದಿದ್ದರೆ ಗಿಡ ಯುಗಾದಿ ಕಾಣುವುದು ಕಷ್ಟ. ಕಂಪ್ಯೂಟರ್ ಮುಂದೆ ಕೂತು ನಾಲ್ಕರಲ್ಲಿ ಒಂದು ಉತ್ತರ ಒತ್ತುವ ಪರೀಕ್ಷೆಯಲ್ಲಿ ಗಿಡ ಹೇಗೆ ನೆಡಬೇಕೆಂಬ ಪ್ರಶ್ನೆಗೆ ಎರಡು ಸರಿ ಉತ್ತರಗಳಿವೆ.

ಇಂಥ ತಿಳಿವಳಿಕೆ ಬರುವುದು ವರ್ಷಗಟ್ಟಲೆ ದುಡಿದ ಮೇಲೆಯೇ. ತೋಟಗಾರಿಕೆ ತಜ್ಞ ಜಿ.ಎಚ್. ಕ್ರುಂಬಿಗಲ್ ಲಂಡನ್ನಿನ ಕ್ಯೂ ತೋಟದಲ್ಲಿ, ಆಮೇಲೆ ಬರೋಡ ಮಹಾರಾಜರಲ್ಲಿ ದುಡಿದು 1908ರಲ್ಲಿ ಲಾಲ್‌ಬಾಗಿಗೆ ಬಂದವರು. ವರ್ಷವಿಡೀ ಒಂದಲ್ಲ ಒಂದು ಬೀದಿ ಹೂ ಬಿಡುವಂತೆ ಅವರು ಬೆಂಗಳೂರಿಗೆ ಮರ ಆರಿಸಿದರೆನ್ನುತ್ತಾರೆ. ಅಂಥ ಲೆಕ್ಕ ಹತ್ತಾರು ಋತು ಕಂಡ ಮೇಲೆ ಕೈಗೆ ಹತ್ತುವಂಥದ್ದು.

ಅಳ್ನಾವರ 2018ರಲ್ಲಿ ತಾಲ್ಲೂಕಾಯಿತು. ಕಚೇರಿ ಬಂದಂತೆ ಕಾಂಪೌಂಡು, ಕಾಂಪೌಂಡಿನೊಳಗೆ ಗಿಡದ ಸಾಲು ಬರಲೇಬೇಕು. ಇಲ್ಲಿಂದ ಮುಂದಿನ ಟೆಂಡರುಗಳಲ್ಲಿ ಎರಡು ಷರತ್ತು ಸೇರಿದರೆ ಸಾಕು. ನೆಡುವ ದಿನ ಪ್ರಮಾಣಪತ್ರವಿರುವ ಮಾಲಿಯೊಬ್ಬರು ಸ್ಥಳದಲ್ಲಿರಬೇಕು, ಚೀಲ ಸೀಳುವ ವಿಷಯದಲ್ಲಿ ಮೇಸ್ತ್ರಿ ಅವರ ಮಾತು ಕೇಳಬೇಕು. ಬಿಲ್ಲಿನ ಒಂದು ಪಾಲು ಎರಡು ಬೇಸಿಗೆ ಕಳೆಯುವತನಕ ಇಲಾಖೆಯ ಕೈಯಲ್ಲೇ ಉಳಿಯಬೇಕು. ಈಗ ಕಾಮಗಾರಿಯ ಅಳತೆ ಪುಸ್ತಕಕ್ಕೆ (ಎಂ.ಬಿ.) ಏರುವುದು ನೆಟ್ಟ ಗಿಡದ ಸಂಖ್ಯೆ. ಬದುಕಿದ ಗಿಡವನ್ನು ಯಾರೂ ಎಣಿಸುವುದಿಲ್ಲ.

ಈ ಏಪ್ರಿಲಿನಲ್ಲಿ ಅದೇ ಸಾಲಿಗೆ ಹೋಗಿದ್ದೆವು. ಆ ಮಾಲಿ ನೆಟ್ಟದ್ದು ಯಾವುದು, ಉಳಿದವರು ನೆಟ್ಟದ್ದು ಯಾವುದು ಎಂದು ಯಾರೂ ಗುರುತು ಹಾಕಿರಲಿಲ್ಲ. ಒಣಗಿ ನಿಂತ ಗಿಡವೊಂದನ್ನು ಎರಡು ಬೆರಳಲ್ಲಿ ಹಿಡಿದು ಎಳೆದರೆ ಸಲೀಸಾಗಿ ಮೇಲೆ ಬಂತು, ಕರಿ ಚೀಲದ ಸಮೇತ.