ಕಾಲೇಜು ಸಂಚಿಕೆ: ಆರಿಸುವವರು ಯಾರು, ಲೆಕ್ಕ ಕೇಳುವವರು ಯಾರು?

ಕಾಲೇಜಿನ ವಾರ್ಷಿಕ ಸಂಚಿಕೆ ಮನೆಗೆ ಬಂದ ದಿನ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆ ಕೇಳಿಬರುವ ಪ್ರಶ್ನೆ ಒಂದೇ: "ನಮ್ಮ ಹುಡುಗಿ ಬರದ ಕವನಾ ಎಲ್ಲೈತಿ?" ಪುಟ ತಿರುವಿದರೆ ಮೊದಲು ಗಣ್ಯರ ಶುಭಾಶಯ, ಆಮೇಲೆ ಆಡಳಿತ ಮಂಡಳಿಯ ಫೋಟೊ, ಎನ್.ಎಸ್.ಎಸ್. ಶಿಬಿರ, ಕ್ರೀಡಾಕೂಟದ ಕಪ್ಪು. ಕವನ ಇಲ್ಲ. ಯಾಕಿಲ್ಲ ಎಂದು ಹೇಳುವವರೂ ಇಲ್ಲ.

ಇದೇನು ದೊಡ್ಡ ಸುದ್ದಿ ಅನ್ನಬಹುದು. ಆದರೆ ಸಂಚಿಕೆಯ ಖರ್ಚು ಎಲ್ಲಿಂದ ಬರುತ್ತದೆ? ಪ್ರವೇಶದ ವೇಳೆ ಕಟ್ಟಿಸಿಕೊಳ್ಳುವ ಫೀಯಿಂದ. ಅದು ಸಾಲದಿದ್ದರೆ ಪೇಟೆಯ ಕಿರಾಣಿ, ಬಟ್ಟೆ, ಗೊಬ್ಬರದ ಅಂಗಡಿಗಳ ಜಾಹೀರಾತಿನಿಂದ. ದುಡ್ಡು ಜನರದು. ಹಾಗಾದ ಮೇಲೆ ಲೆಕ್ಕ ಕೇಳುವ ಹಕ್ಕೂ ಜನರದೇ.

ಆಯ್ಕೆ ನಡೆಯುವ ರೀತಿ ಸಾಮಾನ್ಯವಾಗಿ ಹೀಗೆ. ನೋಟೀಸ್ ಬೋರ್ಡಿಗೆ ಒಂದು ಚೀಟಿ ಹತ್ತುತ್ತದೆ. ಕನ್ನಡ ವಿಭಾಗದ ಹಿರಿಯ ಅಧ್ಯಾಪಕರು ಸಂಪಾದಕರು, ಜೊತೆಗೆ ಇಬ್ಬರೋ ಮೂವರೋ ವಿದ್ಯಾರ್ಥಿ ಪ್ರತಿನಿಧಿಗಳು. ಬರಹ ಬಂದು ಬೀಳುತ್ತವೆ. ಆದರೆ ಕತ್ತರಿ ಹಿಡಿಯುವುದು ಸಾಹಿತ್ಯದ ವಿಚಾರವಲ್ಲ, ಪುಟದ ಲೆಕ್ಕ. ಅಚ್ಚಿನವರಿಗೆ ಎಂಟೋ ಹದಿನಾರೋ ಪುಟ ಕೂಡಿದ ಫಾರ್ಮಿನ ಲೆಕ್ಕ. ಫೋಟೊ, ವರದಿ, ಜಾಹೀರಾತು ಮೊದಲು ಕೂತುಬಿಡುತ್ತವೆ. ಉಳಿದ ಜಾಗಕ್ಕೆ ಸಾಹಿತ್ಯ. ಎಂಟು ಸಾಲಿನ ಪದ್ಯ ಹೇಗೋ ಮೂಲೆಯಲ್ಲಿ ನುಸುಳುತ್ತದೆ. ಆರು ಪುಟದ ಕಥೆ ಚೆನ್ನಾಗಿದ್ದರೂ ಹೊರಗೆ.

ಇನ್ನೊಂದು ಕತ್ತರಿ ಬಸ್ಸಿನದು. 2023ರ ಜೂನ್ 11ರಂದು ಶಕ್ತಿ ಯೋಜನೆ ಸುರುವಾದ ಮೇಲೆ ಹಳ್ಳಿಯ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಚಿಂತೆ ತಪ್ಪಿತು. ವೇಳೆಯ ಚಿಂತೆ ತಪ್ಪಲಿಲ್ಲ. ಸಂಪಾದಕ ಸಮಿತಿಯ ಸಭೆ ಕ್ಲಾಸು ಬಿಟ್ಟ ಮೇಲೆ. ಊರಿನ ಬಸ್ಸೂ ಅದೇ ಹೊತ್ತಿಗೆ. ಆ ಬಸ್ ತಪ್ಪಿದರೆ ಕತ್ತಲಾದ ಮೇಲೆ ಮನೆ. ಹಾಗಾಗಿ ಸಭೆಗೆ ನಿಲ್ಲುವವರು ಊರೊಳಗಿನ ಹುಡುಗರು. ಅವರ ಕಣ್ಣಿಗೆ ಬೀಳುವುದು ಗೆಳೆಯರ ಬರಹ. ಯಾರದೂ ದುರುದ್ದೇಶವಿಲ್ಲ, ಆದರೂ ಹಳ್ಳಿಯ ದನಿ ಹೊರಗುಳಿಯಿತು.

ಮೂರನೆಯದು ಭಾಷೆ. ಮನೆಯಲ್ಲಿ ಅಜ್ಜಿ ಹಾಡುವ ಬೀಸುವ ಪದ ಬರೆದುಕೊಂಡು ಬಂದರೆ "ಇದು ನಿಂದಲ್ಲಲ್ಲಾ" ಎಂದು ಪಕ್ಕಕ್ಕೆ. ನಮ್ಮ ಕಡೆಯ ಮಾತಿನಲ್ಲಿ ಕಥೆ ಬರೆದರೆ "ಶುದ್ಧ ಕನ್ನಡದಾಗ ಬರಿ" ಎಂಬ ಬುದ್ಧಿಮಾತು. ಒಲ್ಲದ ಗಂಡನಿಗೆ ಮೊಸರಿನಲ್ಲೂ ಕಲ್ಲು! ಇದೇ ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವಿದೆ. ಸರ್ವಜ್ಞ ನಮ್ಮವನೆಂದು ಹಿರೇಕೆರೂರಿನವರು ಎದೆ ತಟ್ಟಿ ಹೇಳುತ್ತಾರೆ. ಆ ತ್ರಿಪದಿಗಳ ದೊಡ್ಡ ಸಂಗ್ರಹ 1924ರಲ್ಲಿ ಬೆಳಕು ಕಂಡದ್ದು, ರೆವರೆಂಡ್ ಉತ್ತಂಗಿ ಚನ್ನಪ್ಪನವರು ವರ್ಷಗಟ್ಟಲೆ ಅಲೆದು ಕೂಡಿಸಿದ್ದರಿಂದ. ಬಾಯಿಮಾತನ್ನು ಹೊರಗಿಟ್ಟಿದ್ದರೆ ಸರ್ವಜ್ಞನೂ ಇಷ್ಟು ಉಳಿಯುತ್ತಿರಲಿಲ್ಲ.

ಮಾಸ್ತರರ ಪಾಡೂ ಸುಳ್ಳಲ್ಲ. ಸೆಮಿಸ್ಟರ್ ಪರೀಕ್ಷೆ ತಲೆಮೇಲೆ, ಅತಿಥಿ ಉಪನ್ಯಾಸಕರ ಮೇಲೆ ಅರ್ಧ ಕೆಲಸ. ಬಂದ ಬರಹದಲ್ಲಿ ಮೊಬೈಲಿನಿಂದ ಇಳಿಸಿದ್ದೆಷ್ಟು, ಈಗ ಎಐಗೆ ಹೇಳಿ ಬರೆಸಿದ್ದೆಷ್ಟು ಎಂದು ಹೆಕ್ಕುವುದೇ ದೊಡ್ಡ ತಲೆನೋವು. ಅದಕ್ಕೂ ಮದ್ದಿದೆ. ಬರೆದವರನ್ನು ಎದುರಿಗೆ ಕೂಡಿಸಿ, ಓದಿಸಿ, ಈ ಸಾಲು ಯಾಕೆ ಬರೆದೆ ಎಂದು ಕೇಳಿದರೆ ಬಹಳಷ್ಟು ಬಯಲಾಗುತ್ತದೆ.

ಹೀಗೆ ಎದುರಾಎದುರು ಓದುವುದು ಈ ಸೀಮೆಗೆ ಹೊಸದಲ್ಲ. 1909ರಲ್ಲಿ ಸವಣೂರಿನಲ್ಲಿ ಹುಟ್ಟಿ ಜ್ಞಾನಪೀಠದವರೆಗೆ ಹೋದ ವಿ.ಕೃ. ಗೋಕಾಕರು ಧಾರವಾಡದಲ್ಲಿ ಬೇಂದ್ರೆಯವರ ಗೆಳೆಯರ ಗುಂಪಿನಲ್ಲಿ ಬೆಳೆದವರು. ಬರೆದದ್ದನ್ನು ಗೆಳೆಯರ ಮುಂದೆ ಓದಿ ಅನ್ನಿಸಿಕೊಳ್ಳುವ ರೂಢಿ ಅಲ್ಲಿತ್ತು. ಹತ್ತಿಮತ್ತೂರಿನ ಚಂಪಾ, ಗಿರಡ್ಡಿ ಗೋವಿಂದರಾಜ ಮತ್ತು ಸಿದ್ಧಲಿಂಗ ಪಟ್ಟಣಶೆಟ್ಟಿ ಅವರೊಡನೆ 1964ರಲ್ಲಿ 'ಸಂಕ್ರಮಣ' ಪತ್ರಿಕೆ ಹೊರಡಿಸಿದಾಗ ಮೂವರಿಗೂ ಇಪ್ಪತ್ತೈದರ ಆಸುಪಾಸು. ಆರಿಸಿದವರು ಯಾರು ಎಂಬುದು ಮುಚ್ಚಿದ ಮಾತಾಗಿರಲಿಲ್ಲ. ಎಳೆ ವಯಸ್ಸು ಆಯ್ಕೆಗೆ ಅಡ್ಡಿಯಲ್ಲ. ಹೊಣೆ ಹೊರದಿರುವುದೇ ಅಡ್ಡಿ.

ಮಾಡಬೇಕಾದ್ದು ಕಷ್ಟದ್ದೇನಲ್ಲ. ಫೋಟೊ ಕೂಡಿಸುವ ಮೊದಲೇ ಸಾಹಿತ್ಯಕ್ಕೆ ಇಂತಿಷ್ಟು ಪುಟ ಎಂದು ತೆಗೆದಿಡಬೇಕು. ಹಾಳೆಯ ಮೇಲೆ ಹೆಸರಿನ ಬದಲು ನಂಬರ್ ಹಾಕಿ, ಹೆಸರು ಬೇರೆ ವಹಿಯಲ್ಲಿಡಬೇಕು. ಒಬ್ಬ ಅಧ್ಯಾಪಕರು, ಒಬ್ಬ ವಿದ್ಯಾರ್ಥಿ ಬೇರೆ ಬೇರೆ ಓದಬೇಕು. ಅಭಿಪ್ರಾಯ ಕೂಡದಿದ್ದರೆ ಮೂರನೆಯವರು. ಸಭೆ ಮಧ್ಯಾಹ್ನ ಊಟದ ಬಿಡುವಿನಲ್ಲಾಗಬೇಕು, ಬಸ್ಸಿನ ವೇಳೆಗಲ್ಲ. ಎಲ್ಲಕ್ಕಿಂತ ಮುಖ್ಯ, ಹೊರಗಿಟ್ಟ ಬರಹದ ಜೊತೆ ಎರಡು ಸಾಲಿನ ಕಾರಣ ಬರೆದು ವಾಪಸ್ ಕೊಡಬೇಕು.

ಸವಣೂರಿನ ಎಲೆ ವ್ಯಾಪಾರಿ ಕಟ್ಟು ಬಿಚ್ಚಿ ವೀಳ್ಯದೆಲೆ ಆರಿಸುವಾಗ ಇದು ಹರಿದದ್ದು, ಇದು ಕೊಳೆತದ್ದು, ಇದು ಇನ್ನೂ ಎಳೇದು ಎಂದು ತೋರಿಸಿಯೇ ಬದಿಗಿಡುತ್ತಾನೆ. ಎಳೇದು ಅಂದರೆ ಕೆಟ್ಟದ್ದಲ್ಲ, ಬಲಿಯಲಿ ಅಂತ ಅರ್ಥ. ಹತ್ತೊಂಬತ್ತರ ಹುಡುಗಿಗೆ ಅಷ್ಟು ತಿಳಿಸಿದರೂ ಮುಂದಿನ ವರ್ಷ ಮತ್ತೊಂದು ಬರೆಯುತ್ತಾಳೆ. ಏನೂ ಹೇಳದಿದ್ದರೆ ಪೆನ್ನು ಕೆಳಗಿಡುತ್ತಾಳೆ. ನಷ್ಟ ಆಗುವುದು ಅಲ್ಲಿ.

ಮುಂದಿನ ಸಲ ಜಾಹೀರಾತು ಕೇಳಿಕೊಂಡು ಕಾಲೇಜಿನವರು ಅಂಗಡಿಗೆ ಬಂದಾಗ ಗಲ್ಲೆಯಿಂದ ದುಡ್ಡು ತೆಗೆಯುವ ಮೊದಲು ಒಂದು ಮಾತು ಕೇಳಿದರೆ ತಪ್ಪೇನಿಲ್ಲ: "ಹುಡುಗರ ಬರಹಕ್ಕ ಎಷ್ಟು ಪುಟ ಇಟ್ಟೀರಿ? ಹಾಕದಿದ್ದವರಿಗೆ ಕಾರಣ ಹೇಳ್ತೀರೇನ್ರೀ?"