ಟವರ್‌ಗೂ ಒಳ್ಳೆಯ ಕಿವಿ ಬೇಕು



ಮೆಣಸಿನಕಾಯಿ ಬಿಡಿಸುವ ಕಾಲ ಬಂದರೆ ಕೋಸಿಗಿ, ಕೌತಾಳಂ, ಹೊಳಗುಂದ ಕಡೆಯ ಎಷ್ಟೋ ಮನೆಗಳಲ್ಲಿ ಅಜ್ಜಿ, ಮೊಮ್ಮಕ್ಕಳು ಮಾತ್ರ ಉಳಿಯುತ್ತಾರೆ. ಅಪ್ಪ, ಅಮ್ಮ ಗುಂಟೂರಿನ ಕಡೆಗೆ ಗುಳೆ ಹೋಗುತ್ತಾರೆ. ಭಾನುವಾರ ಪೂಜೆ ಮುಗಿಸಿ ಬಂದ ಮಕ್ಕಳು ಮಾಳಿಗೆ ಹತ್ತಿ ಕೂಗುವುದನ್ನು ನಾವೆಲ್ಲ ಕೇಳಿದ್ದೇವೆ: "ಅವ್ವಾ, ನಿನ್ನ ಮಾತು ಕೇಳ್ತದ, ನನ್ನದು ಕೇಳ್ತದಾ?"

ಫೋನಿನಲ್ಲಿ ಕಡ್ಡಿಗಳಿದ್ದರೂ ಹೀಗೇಕೆ? ಆ ಕಡ್ಡಿಗಳು ತೋರಿಸುವುದು ಟವರ್‌ನ ದನಿ ನಮಗೆಷ್ಟು ತಲುಪುತ್ತಿದೆ ಎಂಬುದನ್ನು ಮಾತ್ರ. ಟವರ್ ಹತ್ತಾರು ವ್ಯಾಟ್‌ನಲ್ಲಿ ಮಾತಾಡುತ್ತದೆ. ನಮ್ಮ 4ಜಿ ಫೋನಿಗಿರುವುದು ಸುಮಾರು 0.2 ವ್ಯಾಟ್. ದೂರದ ಊರಿನಿಂದ ಹೋಗುವ ಆ ಸಣ್ಣ ದನಿಯನ್ನು ಟವರ್ ಕೇಳಿಸಿಕೊಳ್ಳಬೇಕು. ಪಕ್ಕದ ತರಂಗಗಳ ಗದ್ದಲ ಒಂದು ಕಡೆ, ತನ್ನದೇ ಆಂಪ್ಲಿಫೈಯರ್‌ನ ಬಿಸಿಯಿಂದ ಏಳುವ ಗುಂಯ್‌ಗುಟ್ಟುವಿಕೆ ಇನ್ನೊಂದು ಕಡೆ.

ಇದಕ್ಕೆ ಉಪಾಯವಿದೆ. 1987ರಲ್ಲಿ ಕಂಡುಹಿಡಿದ ಯಿಟ್ರಿಯಂ, ಬೇರಿಯಂ, ತಾಮ್ರದ ಆಕ್ಸೈಡ್ ಸುಮಾರು ಮೈನಸ್ 181 ಡಿಗ್ರಿಗಿಂತ ತಣ್ಣಗಾದರೆ ಸೂಪರ್‌ಕಂಡಕ್ಟರ್ ಆಗುತ್ತದೆ. ಅದರ ತೆಳು ಪದರದಿಂದ ಮಾಡಿದ ಫಿಲ್ಟರ್ ತನಗೆ ಬೇಕಾದ ತರಂಗವನ್ನು ಹೆಚ್ಚುಕಡಿಮೆ ನಷ್ಟವಿಲ್ಲದೆ ಒಳಗೆ ಬಿಟ್ಟು, ಪಕ್ಕದ್ದನ್ನು ತಡೆಯುತ್ತದೆ. ಜೊತೆಗಿರುವ ಆಂಪ್ಲಿಫೈಯರ್ ಕೂಡ ತಣ್ಣಗಿದ್ದರೆ ಅದರ ಗದ್ದಲವೂ ಇಳಿಯುತ್ತದೆ. ಅಮೆರಿಕದಲ್ಲಿ ಸಾವಿರಾರು ಟವರ್‌ಗಳಿಗೆ ಇಂಥ ಪೆಟ್ಟಿಗೆ ಹಾಕಿದ್ದರು.

"ಬೇಸಿಗೆಯಲ್ಲಿ ಆದೋನಿ 40 ಡಿಗ್ರಿ ದಾಟುತ್ತದೆ, ಕರೆಂಟೂ ನಿಲ್ಲುವುದಿಲ್ಲ, ಇಲ್ಲಿ ಇದೆಲ್ಲ ಆಗುವ ಮಾತೇ?" ಎಂದು ಹಿರಿಯರು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಇದು ದುಬಾರಿ, ತಣ್ಣಗಿಡುವ ಯಂತ್ರ ಹಗಲೂ ರಾತ್ರಿ ಓಡಬೇಕು. ಆದರೆ ಅದು ತಿನ್ನುವ ವಿದ್ಯುತ್ ಎರಡು ಮೂರು ಸೀಲಿಂಗ್ ಫ್ಯಾನಿನಷ್ಟು. ಎಲ್ಲ ಟವರ್‌ಗೂ ಬೇಡ. ಒತ್ತೊತ್ತಾಗಿ ಟವರ್ ಇರುವ ಪೇಟೆಯಲ್ಲಿ ಇದರಿಂದ ಅಂಥ ಲಾಭವಿಲ್ಲ. ಒಂದೇ ಟವರ್ ಹತ್ತು ಹಳ್ಳಿ ಕಾಯುವ ಕಡೆ ಒಂದನ್ನು ಇಟ್ಟು ನೋಡಬಹುದಲ್ಲ? ಅದಕ್ಕೂ ಮುಂಚೆ ಒಳ್ಳೆಯ ಬ್ಯಾಟರಿ ಮತ್ತು ಟವರ್ ತುದಿಯಲ್ಲಿ ಕೂರಿಸುವ ಸಾಧಾರಣ ಆಂಪ್ಲಿಫೈಯರ್ ಆದರೂ ಬರಲಿ. ಹಳ್ಳಿಗಳಿಗೆ ದೂರವಾಣಿ ಸೇವೆ ಮುಟ್ಟಿಸಲೆಂದೇ ಕೇಂದ್ರ ಸರ್ಕಾರದ ಡಿಜಿಟಲ್ ಭಾರತ್ ನಿಧಿ ಇದೆ. ಹೊಸ ತಂತ್ರಜ್ಞಾನ ಪರೀಕ್ಷಿಸಲೂ ಅದರಿಂದ ಹಣ ಕೊಡಬಹುದು.

ಜೆರಿಕೋ ದಾರಿಯಲ್ಲಿ ಕುರುಡ ಬಾರ್ತಿಮಾಯ ಕೂಗಿದಾಗ ಜನ ಅವನನ್ನು ಗದರಿಸಿ ಸುಮ್ಮನಿರಿಸಲು ನೋಡಿದರು. ಯೇಸುಸ್ವಾಮಿ ಅಷ್ಟು ಗದ್ದಲದಲ್ಲೂ ಆ ಒಂದು ದನಿ ಕೇಳಿ ನಿಂತರು. ನಮ್ಮ ಸೌಕರ್ಯಗಳನ್ನೂ ನಾವು ಇದೇ ಅಳತೆಯಿಂದ ಅಳೆಯಬೇಕು. ಪೇಟೆಯಲ್ಲಿ 5ಜಿ ಎಷ್ಟು ವೇಗ ಎಂಬುದಕ್ಕಿಂತ, ಅಂಚಿನಲ್ಲಿರುವ ಮಗುವಿನ ಮಾತು ತಾಯಿಗೆ ಮುಟ್ಟಿತೇ ಎಂಬುದು ದೊಡ್ಡದು.

ಯುವಜನರೇ, ಒಂದು ತಿಂಗಳು ನಿಮ್ಮ ಊರಲ್ಲಿ ಕರೆ ಕಡಿದ ಜಾಗ, ದಿನ, ಸಮಯ ಬರೆದಿಡಿ. ಎಲ್ಲವನ್ನೂ ಸೇರಿಸಿ ಒಂದು ಅರ್ಜಿ ಮಾಡೋಣ. ಮಾಳಿಗೆ ಹತ್ತಿ ಕೂಗುವ ಮಕ್ಕಳ ಪರವಾಗಿ ಅಷ್ಟಾದರೂ ನಮ್ಮಿಂದ ಆಗಲಿ.